ಕೇಳಿಸಿಕೊಳ್ಳುವ ವ್ಯವಧಾನ

ವಯಸ್ಸಾದ ಮೇಲೆ ಹೊಸ ಭಾಷೆ ನಾಲಿಗೆಗೆ ಹತ್ತುವುದಿಲ್ಲ ಎನ್ನುತ್ತಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬಿಹಾರ, ಒಡಿಶಾ ಕಡೆಯಿಂದ ಬಂದ ಸಂಸಾರಗಳನ್ನು ನೋಡುತ್ತಾ ನನಗೆ ಆ ಮಾತಿನ ಮೇಲೆ ನಂಬಿಕೆ ಹೋಗಿದೆ. ಮಗನ ಜೊತೆ ಬಂದ ತಾಯಿಗೆ ಕನ್ನಡ ಬಾರದಿರುವುದಕ್ಕೆ ಅವರ ವಯಸ್ಸಿಗಿಂತ ನಮ್ಮ ಆತುರವೇ ಹೆಚ್ಚು ಕಾರಣ.

ನಮ್ಮ ಬೀದಿಗೆ ಸೊಪ್ಪಿನ ಗಾಡಿ ಬಂದರೆ ಬಿಹಾರದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಬರುತ್ತಾರೆ. "ದಂಟು... ಒಂದು ಕಟ್ಟು... ಕೊಡು..." ಎಂದು ತಡೆತಡೆದು ಕೇಳುತ್ತಾರೆ. ಮಾತು ಮುಗಿಯುವುದರೊಳಗೆ ಸೊಪ್ಪಿನವನು "ಬೀಸ್ ರುಪಯಾ, ಮಾಜಿ" ಎಂದುಬಿಡುತ್ತಾನೆ. ಅವನದು ಒಳ್ಳೆಯ ಮನಸ್ಸೇ. ಪಾಪ, ಕಷ್ಟವಾಗದಿರಲಿ ಎಂದು. ಆದರೆ ಅಜ್ಜಿಯ ಮುಖ ಸಪ್ಪಗಾಗುತ್ತದೆ. ಮೊಮ್ಮಗಳು ಮಾತ್ರ ಬಿಡುವವಳಲ್ಲ. "ಕೊಡು ಅಲ್ಲ ದಾದಿ, ಕೊಡಿ" ಎಂದು ತಿದ್ದಿ, ಹೇಳಿಸಿಯೇ ಮುಂದೆ ನಡೆಯುತ್ತಾಳೆ.

ಅವಳು ಕಲಿಯುತ್ತಿರುವುದು ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ. ನಲಿಕಲಿ 1995ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ, ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಕಲಿಯುವ ಪದ್ಧತಿ ಅದು. ದೊಡ್ಡವರಿಗೂ ಇಂಥ ಅವಕಾಶ ಇಲ್ಲದಿಲ್ಲ. 1969ರಲ್ಲಿ ಮೈಸೂರಿನಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ಕೇಂದ್ರಕ್ಕೆ ಬೇರೆ ರಾಜ್ಯದ ಶಿಕ್ಷಕರು ಬಂದು, ಹತ್ತು ತಿಂಗಳು ಇದ್ದು ಕನ್ನಡ ಕಲಿತು ಹೋಗುತ್ತಾರೆ. ಅವರಿಗೆ ಹತ್ತು ತಿಂಗಳು, ಪಾಠ, ಕೇಳುವ ಗುರುಗಳು. ಈ ಅಜ್ಜಿಗೆ ಸೊಪ್ಪಿನ ಗಾಡಿ ನಿಲ್ಲುವ ಎರಡು ನಿಮಿಷ. ಅದನ್ನೂ ನಾವು ಹಿಂದಿ ಆಡಿ ಕಿತ್ತುಕೊಳ್ಳುತ್ತೇವೆ.

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ನಮ್ಮ ತಾಯಂದಿರಿಗೆ ಇದು ಅರ್ಥವಾದೀತು. ಸುತ್ತಲೂ ಇಂಗ್ಲಿಷ್ ಇದ್ದರೂ, ಅವರ ಪರವಾಗಿ ಮಾತಾಡಲು ಮಗಳೋ ಅಳಿಯನೋ ಸದಾ ಮುಂದೆ. ಹೋದಂತೆಯೇ ವಾಪಸು. ಭಾಷೆಯ ನಡುವೆ ಇದ್ದ ಮಾತ್ರಕ್ಕೆ ಅದು ಬಾರದು. ತೊದಲುವುದನ್ನು ಯಾರಾದರೂ ಕೇಳಿಸಿಕೊಳ್ಳಬೇಕು. ಹೊರಗಿನವರು ಕನ್ನಡ ಕಲಿಯಲಿ ಎಂದು ಗಟ್ಟಿಯಾಗಿ ಹೇಳುವ ನಾವು, ಕಲಿಯಲು ಹೊರಟವರ ಎದುರು ಅರೆಗಳಿಗೆ ಸುಮ್ಮನಿರಲಾರೆವು. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಅಜ್ಜಿಯ ಕಿರಿಯ ಮಗ ತಿ. ನರಸೀಪುರದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಅಲ್ಲಿ ಕೆಲವು ದಿನ ಇದ್ದು ಬಂದಾಗಲೆಲ್ಲ ಅವರ ಕನ್ನಡ ಸುಧಾರಿಸಿರುತ್ತದೆ. ಕಾರಣ ಇಷ್ಟೇ: ಪಕ್ಕದ ಅಂಗಡಿಯ ಮುದುಕಿಗೆ ಹಿಂದಿ ಬರುವುದಿಲ್ಲ. "ಬೆಲ್ಲ ಯಾವ್ದವ್ವಾ, ಅಚ್ಚಾ, ಉಂಡೆಯಾ?" ಎಂದು ಕೇಳಿ ಆಕೆ ಕಾಯಲೇಬೇಕು, ಇವರು ಹೇಳಲೇಬೇಕು. ಈಗೀಗ ಬೆಲ್ಲ ಕಟ್ಟಿಕೊಟ್ಟು ಸುಮ್ಮನೆ ಕಳಿಸುವುದಿಲ್ಲವಂತೆ; ಊರು, ಮಳೆ, ಕಿರಿಮಗನ ಮದುವೆ ಎಲ್ಲ ವಿಚಾರಿಸುತ್ತಾಳಂತೆ. ಮದುವೆ ವಿಷಯ ಪೂರಾ ಹೇಳಲು ಇನ್ನೂ ಮಾತು ಸಾಲದು, ಸ್ವಲ್ಪ ಹೇಳಿಕೊಡಿ ಎಂದು ಮೊನ್ನೆ ಅಜ್ಜಿ ನನ್ನನ್ನು ನಿಲ್ಲಿಸಿ ಕೇಳಿದರು, ಕನ್ನಡದಲ್ಲೇ.