ಸೋತ ಅರಸನ ಸಲ್ಲೇಖನ

ರಾಷ್ಟ್ರಕೂಟರ ಪಾಠ ಮುಗಿಸಿದ ದಿನ ಒಬ್ಬ ಹುಡುಗನು ಎದ್ದು ನಿಂತು, "ರಾಜ್ಯ ಹೋದ ಮೇಲೆ ಅನ್ನ ಬಿಟ್ಟರೆ ಅದು ವ್ರತವೇ, ಸಾರ್?" ಎಂದು ಕೇಳಿದ್ದನು. ಗಂಟೆ ಬಾರಿಸಿತೆಂಬ ನೆಪದಿಂದ ನಾನು ಅಂದು ಹೊರಬಿದ್ದೆ. ನಿವೃತ್ತನಾದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕಥೆ ವಾಚಕರಿಗೆ ತಿಳಿದದ್ದೇ. ಮುಮ್ಮಡಿ ಕೃಷ್ಣನು 967ರಲ್ಲಿ ತೀರಿಕೊಂಡನು. ಸಿಂಹಾಸನವು ಮೊಮ್ಮಗನಾದ ಇಂದ್ರನಿಗೆ ಬಾರದೆ ತಮ್ಮನಾದ ಖೊಟ್ಟಿಗನಿಗೆ ಸಂದಿತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಖೊಟ್ಟಿಗನ ಬಳಿಕ ಪಟ್ಟವೇರಿದ ಕರ್ಕನನ್ನು ಮರುವರ್ಷವೇ ಸಾಮಂತನಾದ ತೈಲಪನು ಉರುಳಿಸಿದನು. ಕಪ್ಪ ಒಪ್ಪಿಸುತ್ತಿದ್ದ ಕೈಯೇ ಕತ್ತಿ ಹಿಡಿಯಿತು. ಆಗ ಗಂಗರ ಮಾರಸಿಂಹನು ತನ್ನ ಸೋದರಳಿಯನಾದ ಇಂದ್ರನಿಗೆ ಪಟ್ಟ ಕಟ್ಟಿ ರಟ್ಟರ ವಂಶವನ್ನು ಉಳಿಸಲು ಹೆಣಗಿದನು; ಉಳಿಯಲಿಲ್ಲ. ಮಾರಸಿಂಹನು 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ದೇಹವಿಟ್ಟನು. ಇಂದ್ರನು ಶ್ರವಣಬೆಳಗೊಳದಲ್ಲಿ 982ರಲ್ಲಿ, ಅಂದರೆ ಶಕ 904ರಲ್ಲಿ, ಸಲ್ಲೇಖನವನ್ನು ಸಾಧಿಸಿದನು.

ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಹೇಳಿದ ಸಂದರ್ಭಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು. ರಾಜ್ಯನಾಶವನ್ನು ಉಪಸರ್ಗವೆನ್ನಬಹುದೆಂದು ಕೆಲವರು ವಾದಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಕಿರೀಟ ಹೋದವನಿಗೆ ಧರ್ಮಸಾಧನೆಯೇನೂ ತಪ್ಪುವುದಿಲ್ಲ. ಬಹುಶಃ ಸುಲಭವೇ ಆಗುತ್ತದೆ. ಆದುದರಿಂದ ಹುಡುಗನ ಅನುಮಾನವನ್ನು ಬಾಯಿಮಾತಿನಲ್ಲಿ ತಳ್ಳಿಹಾಕುವಂತಿಲ್ಲ.

ಸಲ್ಲೇಖನದ ಅತಿಚಾರಗಳು ಐದೆಂದು ಬಲ್ಲೆವು: ಬದುಕುವಾಸೆ, ಬೇಗ ಸಾಯುವಾಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಸೋತ ಅರಸನಿಗೆ ಎರಡನೆಯದೂ ಐದನೆಯದೂ ಬಾಗಿಲಲ್ಲೇ ಕಾದಿರುತ್ತವೆ. ವಿಶ್ವನಂದಿಯನ್ನು ನೆನೆಯಿರಿ. ಅವನದೂ ಅರಮನೆಯ ಕಪಟದ ಕಥೆಯೇ. ಅವನನ್ನು ಯುದ್ಧದ ನೆಪದಿಂದ ದೂರ ಕಳುಹಿಸಿ ಚಿಕ್ಕಪ್ಪನು ಅವನ ಉದ್ಯಾನವನ್ನು ಸ್ವಂತ ಮಗನಿಗೆ ಕೊಟ್ಟನು. ವಿಶ್ವನಂದಿಯು ವಿರಕ್ತನಾಗಿ ಮುನಿಯಾದನು, ಘೋರ ತಪಸ್ಸು ಮಾಡಿದನು. ಆದರೆ ಮಥುರೆಯಲ್ಲಿ ಹಸುವೊಂದು ಕೆಡವಿದಾಗ ಆ ವಿಶಾಖನಂದಿಯೇ ನಕ್ಕನು. ಒಂದು ನಗೆಗೆ ಮುನಿಯ ಒಳಗಿದ್ದ ರಾಜಪುತ್ರನು ಎಚ್ಚೆತ್ತನು. ಸೇಡಿನ ನಿದಾನ ಕಟ್ಟಿಕೊಂಡು ತ್ರಿಪೃಷ್ಠನಾಗಿ ಹುಟ್ಟಿ, ಕೊನೆಗೆ ಏಳನೆಯ ನರಕಕ್ಕಿಳಿದನು. ಉಪವಾಸದ ದಿನಗಳನ್ನು ಎಣಿಸುವ ನಮ್ಮ ಮನೆಗಳಲ್ಲಿ ಈ ಕಥೆಯನ್ನು ಇನ್ನಷ್ಟು ಓದಬೇಕಿತ್ತು.

ಇಂದ್ರನ ವಿಷಯದಲ್ಲಿ ನನ್ನ ಗಮನವೆಲ್ಲ ನಡುವಿನ ಎಂಟು ವರ್ಷಗಳ ಮೇಲೆ. ಅವಮಾನದಿಂದ ಸಾಯಬೇಕೆಂದಿದ್ದರೆ 974ರಲ್ಲೇ, ಮಾವನು ಅಳಿದಾಗಲೇ, ಸಾಯಬಹುದಿತ್ತು. ಬಿಸಿ ಆರುವಷ್ಟು ಕಾಲ ಅವನು ಬದುಕಿದನು. ಮಾರಸಿಂಹನಿಗೆ ಆ ಅವಧಿ ದೊರೆಯಲಿಲ್ಲವಾಗಿ ಅವನ ಪ್ರಸಂಗವೇ ಹೆಚ್ಚು ಕಠಿಣ. ಆದರೂ ಅವನು ಮೊದಲು ರಾಜ್ಯವನ್ನು ಇಳಿಸಿ, ಆಮೇಲೆ ಗುರುಗಳ ಬಳಿಗೆ ಹೋದನು. ಹತಾಶನು ಯಾರ ಅನುಜ್ಞೆಯನ್ನೂ ಬೇಡುವುದಿಲ್ಲ. ವ್ರತಿಯು ಗುರುವಿನ ಮುಂದೆ ತನ್ನ ಚಿತ್ತವನ್ನು ಪರೀಕ್ಷೆಗೊಡ್ಡುತ್ತಾನೆ.

ಚಂದ್ರಗಿರಿಯ ಕಂಬದಲ್ಲಿರುವ ಇಂದ್ರನ ಶಾಸನವನ್ನು ಓದಿದವರಿಗೆ ಒಂದು ಆಶ್ಚರ್ಯ ಕಾದಿದೆ. ಅದು ಅವನ ಚೆಂಡಾಟದ ಕೌಶಲವನ್ನು ಸಾಲುಸಾಲಾಗಿ ಹೊಗಳುತ್ತದೆ. ಸಮಾಧಿಮರಣದ ಕಲ್ಲಿನಲ್ಲಿ ಆಟದ ಮಾತೇಕೆಂದು ಮೊದಲು ನನಗೆ ಬೇಸರವಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಆ ಹುಡುಗನು ಎಂದಾದರೂ ಎದುರಾದರೆ, ಅವನನ್ನು ಆ ಕಂಬದ ಬಳಿಗೆ ಕರೆದೊಯ್ದು ಆ ಸಾಲುಗಳನ್ನೇ ಓದಿಸಬೇಕೆಂದಿದ್ದೇನೆ.