ಅರ್ಥವಾಗದಿದ್ದರೂ ಎದ್ದು ನಡೆದ ಜೋಸೆಫರು



ಸಾವಿನ ಮನೆಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಗುರುಗಳ ಕಿವಿಗೆ ಬೀಳುವ ಮಾತೊಂದಿದೆ: “ನಾವು ಯಾರಿಗೇನು ಕೆಟ್ಟದ್ದು ಮಾಡಿದ್ದೆವು ಫಾದರ್? ದೇವರಿಗೆ ನಮ್ಮ ಮನೆಯೇ ಬೇಕಿತ್ತೇ?” ದಿನವೂ ಜಪಸರ ಪ್ರಾರ್ಥಿಸುವ ಮನೆ, ಭಾನುವಾರದ ಬಲಿಪೂಜೆ ತಪ್ಪಿಸದ ಕುಟುಂಬ. ಅಂಥವರ ಬಾಯಿಂದಲೇ ಈ ಪ್ರಶ್ನೆ ಬಂದಾಗ ಏನು ಹೇಳುವುದು? “ಎಲ್ಲವೂ ದೇವರ ಚಿತ್ತ” ಎಂದು ಹೇಳಿ ಎದ್ದು ಬರುವುದು ಸುಲಭ. ಆದರೆ ಆ ಮಾತು ಗಾಯಕ್ಕೆ ಮದ್ದಾಗುವ ಬದಲು ಉಪ್ಪಾಗುವುದೂ ಉಂಟು.

ಇಂಥ ಹೊತ್ತಿನಲ್ಲಿ ನಜರೇತಿನ ಬಡಗಿಯೊಬ್ಬರ ಮನೆಗೆ ಹೋಗೋಣ ಬನ್ನಿ. ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರು ಮಾಡಿದ್ದು ಮಾತ್ರ ದಾಖಲಾಗಿದೆ.

ಮದುವೆ ನಿಶ್ಚಯವಾದ ಮರಿಯಾ ಗರ್ಭಿಣಿ ಎಂದು ತಿಳಿದಾಗ ಅವರ ಎದೆ ಒಡೆದಿರಬೇಕು. ಅಂದಿನ ಧರ್ಮಶಾಸ್ತ್ರ ಇಂಥ ಪ್ರಸಂಗದಲ್ಲಿ ಕಠೋರವಾಗಿತ್ತು. ಆದರೂ ಆಕೆಯನ್ನು ಬಯಲಿಗೆಳೆಯಲು ಅವರಿಗೆ ಮನಸ್ಸಾಗಲಿಲ್ಲ. ಗುಟ್ಟಾಗಿ ಬಿಟ್ಟುಬಿಡಲು ನಿರ್ಧರಿಸಿದರು. ಇದನ್ನು ಗಮನಿಸಿ: ದೇವದೂತ ಕನಸಿನಲ್ಲಿ ಬರುವುದಕ್ಕೆ ಮುಂಚೆಯೇ, ಏನೂ ಅರ್ಥವಾಗದ ಕತ್ತಲಲ್ಲಿಯೇ, ಅವರು ಕರುಣೆಯನ್ನು ಆರಿಸಿಕೊಂಡಿದ್ದರು. ನೊಂದಾಗ ಇನ್ನೊಬ್ಬರನ್ನು ನೋಯಿಸದಿರುವುದೇ ವಿಧೇಯತೆಯ ಮೊದಲ ಮೆಟ್ಟಿಲು.

ಸಂತ ಮತ್ತಾಯನು ಜೋಸೆಫರ ನಾಲ್ಕು ಕನಸುಗಳನ್ನು ಹೇಳುತ್ತಾನೆ. ಯಾವ ಕನಸಿನಲ್ಲೂ ದೇವರು ಇಡೀ ದಾರಿಯನ್ನು ತೋರಿಸಲಿಲ್ಲ. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿಹೋಗು, ನಾನು ಹೇಳುವ ತನಕ ಅಲ್ಲಿಯೇ ಇರು ಎಂಬುದಷ್ಟೇ ಅಪ್ಪಣೆ. ಎಷ್ಟು ತಿಂಗಳು? ಎಷ್ಟು ವರ್ಷ? ಪರದೇಶದಲ್ಲಿ ಕೆಲಸ ಕೊಡುವವರು ಯಾರು? ಉತ್ತರವಿಲ್ಲ. ಇವನು ದೇವರ ಪುತ್ರನಾಗಿದ್ದರೆ ನಾವೇಕೆ ಕಳ್ಳರಂತೆ ರಾತ್ರಿ ಓಡಬೇಕು ಎಂದು ಕೇಳಲು ಅವರಿಗೆ ಎಲ್ಲ ಹಕ್ಕೂ ಇತ್ತು. ಆದರೆ ಅದೇ ರಾತ್ರಿ ಅವರು ಎದ್ದು ಹೊರಟರು.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ನಾವು ಮರೆಮಾಚಬಾರದು. ಜೋಸೆಫರ ಮಗು ಉಳಿಯಿತು. ಬೆತ್ಲೆಹೇಮಿನ ಇತರ ತಾಯಂದಿರ ಗಂಡುಮಕ್ಕಳು ಹೆರೋದನ ಕತ್ತಿಗೆ ಬಲಿಯಾದರು. ಅದೇಕೆ ಹಾಗಾಯಿತು? ಶುಭಸಂದೇಶ ಕಾರಣ ಕೊಡುವುದಿಲ್ಲ. ಸಮಾಧಾನ ಹೊಂದಲೊಲ್ಲದ ರಾಖೇಲಳ ಗೋಳಾಟವನ್ನು ನೆನಪಿಸಿ ನಿಲ್ಲುತ್ತದೆ. ಧರ್ಮಸಭೆಯೂ ಡಿಸೆಂಬರ್ 28ರಂದು, ಕ್ರಿಸ್ತಜಯಂತಿಯ ಸಂಭ್ರಮದ ನಡುವೆಯೇ, ಆ ಹಸುಳೆಗಳನ್ನು ಸ್ಮರಿಸುತ್ತದೆ. ಅಳುವ ತಾಯಿಗೆ ಅಳಬೇಡವೆಂದು ಮತ್ತಾಯನೇ ಇಲ್ಲಿ ಹೇಳದಿರುವಾಗ ನಾವೇಕೆ ಹೇಳಬೇಕು? ಒಂದನ್ನು ಮಾತ್ರ ಹೇಳಬಲ್ಲೆವು. ಆ ರಾತ್ರಿ ಪಾರಾದ ಮಗು ಕೊನೆಗೆ ಪಾರಾಗಲಿಲ್ಲ. ಈ ಪಾತ್ರೆ ದೂರವಾಗಲಿ ಎಂದು ಗೆತ್ಸೆಮನೆಯಲ್ಲಿ ಬೇಡಿಕೊಂಡು, ಆಮೇಲೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ ಶಿಲುಬೆಯನ್ನೇರಿತು. ನಮ್ಮ ದೇವರು ದುಃಖದ ಹೊರಗೆ ನಿಂತು ವಿಧೇಯತೆ ಕೇಳುವವರಲ್ಲ.

ಇನ್ನೊಂದು ಮಾತು. ಹೆರೋದನ ಕತ್ತಿಯ ಮುಂದೆ ಜೋಸೆಫರು “ದೇವರ ಚಿತ್ತ” ಎಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮಗುವನ್ನು ಕಾಪಾಡುವುದೇ ದೇವರ ಚಿತ್ತವಾಗಿತ್ತು. ಆದ್ದರಿಂದ ಕುಡಿದು ಬಂದ ಗಂಡನ ಹೊಡೆತ ತಿನ್ನುವುದು, ಕಾಯಿಲೆಗೆ ಮದ್ದು ಮಾಡದಿರುವುದು, ಅನ್ಯಾಯಕ್ಕೆ ಸುಮ್ಮನಿರುವುದು ವಿಶ್ವಾಸವಲ್ಲ. ಸಹಾಯ ಕೇಳಿ, ಮಕ್ಕಳನ್ನು ಕಾಪಾಡಿ. ಭಯಪಟ್ಟರೆ ವಿಶ್ವಾಸ ಕುಂದಿತೆಂದೂ ಕೊರಗಬೇಡಿ. ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಜೋಸೆಫರೂ ಜುದೇಯಕ್ಕೆ ಹೋಗಲು ಹೆದರಿದರೆಂದು ಮತ್ತಾಯನೇ ಬರೆದಿದ್ದಾನೆ. ದೇವರು ಅವರನ್ನು ಗದರಿಸಲಿಲ್ಲ; ಗಲಿಲೇಯದ ದಾರಿ ತೋರಿಸಿದರು.

ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಸಿಕ್ಕಾಗ ಹೇಳಿದ ಮಾತು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಸಂತ ಲೂಕನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಪವಿತ್ರ ಕುಟುಂಬಕ್ಕೇ ಅರ್ಥವಾಗಲಿಲ್ಲ! ಹಾಗಿರುವಾಗ ನಮಗೆ ಅರ್ಥವಾಗದಿದ್ದರೆ ಅದು ಪಾಪವಲ್ಲ. ಅರ್ಥವಾಗದಿದ್ದರೂ ಅವರು ಮಗನ ಕೈಬಿಡಲಿಲ್ಲ. ಜೊತೆಯಲ್ಲೇ ನಜರೇತಿಗೆ ಮರಳಿದರು. ಅದಾದ ಮೇಲೆ ಜೋಸೆಫರು ನಮಗೆ ಕಾಣಿಸುವುದೇ ಇಲ್ಲ. ಯೇಸುವಿನ ಬಹಿರಂಗ ಸೇವೆಗೆ ಮುಂಚೆಯೇ ಅವರು ತೀರಿಕೊಂಡರೆಂಬುದು ಧರ್ಮಸಭೆಯ ಪರಂಪರೆಯ ನಂಬಿಕೆ. ಹಾಗಾದರೆ ಕಾನಾ ಊರಿನ ಅದ್ಭುತವನ್ನೂ ಪುನರುತ್ಥಾನದ ಮುಂಜಾವನ್ನೂ ಅವರು ಕಾಣಲಿಲ್ಲ. ಬಿತ್ತಿದವರು ಬೆಳೆ ಕಾಣದೆ ಹೋದರು. ಆದರೆ ಬೆಳೆ ಸುಳ್ಳಾಗಲಿಲ್ಲ. ಅವರನ್ನೇ ಪೋಪ್ ಒಂಬತ್ತನೆಯ ಭಕ್ತಿನಾಥರು 1870ರಲ್ಲಿ ಇಡೀ ಧರ್ಮಸಭೆಯ ಪಾಲಕರೆಂದು ಘೋಷಿಸಿದರು.

2015ರ ಜನವರಿಯಲ್ಲಿ ಮನಿಲಾ ನಗರದಲ್ಲಿ ಕುಟುಂಬಗಳನ್ನು ಭೇಟಿಯಾದಾಗ ಪೋಪ್ ಫ್ರಾನ್ಸಿಸರು ತಮ್ಮ ಗುಟ್ಟೊಂದನ್ನು ಹೇಳಿದರು. ಅವರ ಮೇಜಿನ ಮೇಲೆ ನಿದ್ರಿಸುತ್ತಿರುವ ಜೋಸೆಫರ ಪ್ರತಿಮೆಯಿತ್ತು. ಕಷ್ಟವೇನಾದರೂ ಬಂದರೆ ಅದನ್ನು ಚೀಟಿಯಲ್ಲಿ ಬರೆದು ಆ ಪ್ರತಿಮೆಯ ಕೆಳಗೆ ಇಡುತ್ತಿದ್ದರಂತೆ. ಇಂದು ರಾತ್ರಿ ಮನೆಯ ಪ್ರಾರ್ಥನೆಯಾದ ಮೇಲೆ ನೀವೂ ಹಾಗೆ ಮಾಡಿ. ನಿಮಗೆ ಅರ್ಥವಾಗದ ಆ ಒಂದು ಸಂಗತಿಯನ್ನು ಬರೆದು ಪೀಠದ ಮೇಲಿಡಿ. “ಏಕೆ?” ಎಂದು ಧಾರಾಳವಾಗಿ ಕೇಳಿ. ಆಮೇಲೆ “ನಾಳೆ ಬೆಳಿಗ್ಗೆ ನಾನು ಮಾಡಬೇಕಾದ್ದೇನು?” ಎಂಬುದನ್ನೂ ಕೇಳಿ. ಮೊದಲನೆಯ ಪ್ರಶ್ನೆಗೆ ಉತ್ತರ ತಡವಾಗಬಹುದು. ಎರಡನೆಯದಕ್ಕೆ ಸಾಮಾನ್ಯವಾಗಿ ನಮ್ಮ ಕಣ್ಣೆದುರಿಗೇ ಉತ್ತರವಿರುತ್ತದೆ: ಒಲೆ ಹಚ್ಚುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು, ಮಾತುಬಿಟ್ಟ ತಮ್ಮನ ಮನೆಯ ಬಾಗಿಲು ತಟ್ಟುವುದು.

ಸಂತ ಜೋಸೆಫರೇ, ದಾರಿ ಕಾಣದ ರಾತ್ರಿಯಲ್ಲಿ ಮಗು ಯೇಸುವನ್ನು ಎದೆಗವಚಿಕೊಂಡು ನಡೆದವರೇ, ನಮ್ಮ ಮನೆಯವರ ಕೈಹಿಡಿದು ಒಂದು ಹೆಜ್ಜೆ ನಡೆಸಿರಿ. ಉಳಿದ ಹೆಜ್ಜೆಗಳನ್ನು ದೇವರಿಗೇ ಬಿಡಲು ಕಲಿಸಿರಿ. ಆಮೆನ್.