ಸಣ್ಣ ತಪ್ಪಿಗೆ ಅವಧಿ ಉಂಟೇ?

ಶಿವಮೊಗ್ಗದಲ್ಲಿ ಮನೆ ಬದಲಿಸುವಾಗ ತಗಡಿನ ಟ್ರಂಕಿನೊಳಗಿಂದ ನನ್ನ ಬಾಲ್ಯದ ಅಂಚೆಚೀಟಿ ಆಲ್ಬಮ್ ಹೊರಬಂತು. ನಲವತ್ತು ವರ್ಷಗಳಿಂದ ಅದನ್ನು ತೆರೆದಿರಲಿಲ್ಲ. ಭೂಪಟದಿಂದ ಮರೆಯಾದ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಅದರಲ್ಲಿ ಇನ್ನೂ ಹಾಗೆಯೇ ಇದ್ದವು. 1948ರ ಗಾಂಧೀಜಿ ಚೀಟಿಯೂ ಇತ್ತು. ಅದರ ಮೇಲೆ ಹಿಂದಿ ಮತ್ತು ಉರ್ದು ಎರಡರಲ್ಲೂ 'ಬಾಪು' ಎಂದು ಅಚ್ಚಾಗಿದೆ. ಅಬ್ಬಾ ಅದನ್ನು ನನ್ನಿಂದ ಓದಿಸಿದ್ದು ನೆನಪಾಯಿತು.

ಮರೆತ ಹವ್ಯಾಸ ಮತ್ತೆ ಅಂಟಿಕೊಂಡಿತು. ಹಳೆಯ ಲಕೋಟೆಗಳನ್ನು ನೀರಿನಲ್ಲಿ ನೆನೆಸಿ, ಅಂಟು ಬಿಡಿಸಿ, ಪತ್ರಿಕೆಗಳ ನಡುವೆ ಒಣಗಿಸುವ ಕೆಲಸದಲ್ಲಿ ಮಗಳ ಮಗಳೂ ಜೊತೆಯಾದಳು. ಒಂದು ದಿನ ಅವಳು ಒಂದು ಚೀಟಿಯನ್ನು ಮಗುಚಿ ಕೇಳಿದಳು: "ನಾನಾ, ಇದರ ಹಿಂದೆ ಮಾತ್ರ ಪೆನ್ಸಿಲಿನಲ್ಲಿ 31 ಅಂತ ಬರೆದಿದೆಯಲ್ಲ, ಯಾಕೆ?"

ನನಗೆ ಉತ್ತರ ಗೊತ್ತಿತ್ತು. ಆ ಚೀಟಿ ನನ್ನದಲ್ಲ.

ನಾನು ಓದಿದ್ದು ಭದ್ರಾವತಿಯಲ್ಲಿ. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವಕ್ಕೆ, ಅವರು ಬದುಕಿದ್ದಾಗಲೇ, 1960ರ ಸೆಪ್ಟೆಂಬರ್ 15ರಂದು ಹೊರಬಂದ 15 ನಯೇ ಪೈಸೆಯ ಚೀಟಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಅನ್ನ ಉಣ್ಣುತ್ತಿದ್ದ ಮನೆಗಳ ಹುಡುಗರಿಗೆ ಅದು ಬೇರೆಲ್ಲ ಚೀಟಿಗಳಿಗಿಂತ ದೊಡ್ಡದು. ನಮ್ಮ ಗುಂಪಿನಲ್ಲಿ ಅದು ಒಬ್ಬನ ಬಳಿ ಮಾತ್ರ ಇತ್ತು. ಅವನು ತನ್ನ ಚೀಟಿಗಳ ಹಿಂದೆಲ್ಲ ಸಂಖ್ಯೆ ಬರೆಯುತ್ತಿದ್ದ. ಹನ್ನೆರಡರ ವಯಸ್ಸಿನಲ್ಲಿ ನಾನು ಅದನ್ನು ಕದ್ದೆ.

ಸಂಗ್ರಹಕಾರರ ನಡುವೆ ಅದು ಅಪರೂಪದ ಚೀಟಿಯೇನಲ್ಲ. ಬಾಲ್ಯದ ತುಂಟತನವೆಂದು ನಕ್ಕು ಬಿಡಬಹುದಿತ್ತು. ಪ್ರಾಯಕ್ಕೆ ಬರುವವರೆಗೆ ಮಕ್ಕಳ ಪಾಪ ಬರೆಯಲ್ಪಡುವುದಿಲ್ಲ ಎಂಬ ಸಮಾಧಾನವೂ ಇದೆ. ಆದರೆ ಇಸ್ಲಾಮ್ 'ಹುಕೂಕುಲ್ ಇಬಾದ್', ಅಂದರೆ ಮನುಷ್ಯರ ಪರಸ್ಪರ ಹಕ್ಕುಗಳನ್ನು ಬೇರೆಯೇ ಲೆಕ್ಕದಲ್ಲಿಡುತ್ತದೆ. ಇನ್ನೊಬ್ಬರ ಹಕ್ಕನ್ನು ಕಸಿಯುವುದು ಅರಾಕ್ ಮರದ ಒಂದು ಕಡ್ಡಿಯ ವಿಷಯದಲ್ಲಾದರೂ ಗಂಭೀರವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಇಲ್ಲಿ ತೌಬಾ ಮಾತ್ರ ಸಾಲದು. ಪಡೆದದ್ದನ್ನು ಮರಳಿಸಬೇಕು, ಕ್ಷಮೆ ಕೇಳಬೇಕು. ಅಲ್ಲದೆ, ಕದ್ದಾಗ ನಾನು ಬಾಲಕ ನಿಜ. ಆ ಬಳಿಕ ಇಪ್ಪತ್ತು, ಮೂವತ್ತು, ಐವತ್ತು ದಾಟಿಯೂ ಬಾಯಿ ಬಿಡದವನು ಬಾಲಕನೇ?

ಬಾಯಿ ಬಿಡದ್ದಕ್ಕೆ ಇನ್ನೊಂದು ಕಾರಣವಿತ್ತು. ಚೀಟಿ ಕಾಣೆಯಾದಾಗ ಅನುಮಾನ ನನ್ನ ಮೇಲೆ ಬೀಳಲಿಲ್ಲ. ದಿನಗೂಲಿಯೊಬ್ಬರ ಮಗನ ಮೇಲೆ ಬಿತ್ತು. ಯಾರೂ ಸಾಕ್ಷ್ಯ ಕೇಳಲಿಲ್ಲ. ಅವನ ಹರಿದ ಚಡ್ಡಿಯೇ ಸಾಕ್ಷ್ಯವಾಯಿತು. ಅವನು ಅತ್ತ, ಆಣೆ ಹಾಕಿದ, ಆಮೇಲೆ ನಮ್ಮ ಜೊತೆ ಆಟಕ್ಕೆ ಬರುವುದನ್ನೇ ಬಿಟ್ಟ. ನಾನು ಸುಮ್ಮನಿದ್ದೆ.

ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಚೀಟಿಯ ಒಡೆಯ ಈಗಲೂ ಅಲ್ಲೇ ಇದ್ದಾನೆ, ನಿವೃತ್ತನಾಗಿದ್ದಾನೆ. ಚೀಟಿಯನ್ನು ಕೈಗಿಟ್ಟಾಗ ಮೊದಲು ಜೋರಾಗಿ ನಕ್ಕ. ಹಿಂದಿನ ಸಂಖ್ಯೆ ನೋಡಿ ನಗು ನಿಂತಿತು. "ನನ್ನ ಲೆಕ್ಕ ಮುಗೀತು ಮಾರಾಯ. ಅವನನ್ನು ಕಳ್ಳ ಅಂದುಬಿಟ್ಟೆವಲ್ಲ, ಆ ಲೆಕ್ಕ ನಾನು ಹೇಗೆ ಮುಗಿಸಲಿ?" ಎಂದ. ಇಬ್ಬರೂ ಹಳೆಯ ಓಣಿಗಳಲ್ಲಿ ವಿಚಾರಿಸಿದೆವು. ಆ ಕುಟುಂಬ ಊರು ಬಿಟ್ಟು ದಶಕಗಳಾಗಿವೆ.

ಕದ್ದ ವಸ್ತುವನ್ನು ಮರಳಿಸುವುದು ಸುಲಭ. ಒಡೆಯ ಸಿಗದಿದ್ದರೆ ಅವನ ಹೆಸರಿನಲ್ಲಿ ಸದಕ ಕೊಡಲೂಬಹುದು. ಆದರೆ ಕಸಿದ ಮಾನವನ್ನು ಯಾವ ಸದಕ ತುಂಬೀತು? ಸಂದೇಹ ಸಾಮಾನ್ಯವಾಗಿ ಬೀಳುವುದು ತಪ್ಪು ಮಾಡಿದವನ ಮೇಲಲ್ಲ, ತನ್ನ ಪರ ಮಾತಾಡುವವರಿಲ್ಲದವನ ಮೇಲೆ. ಸಂದೇಹದ ನೋವೇನೆಂದು ಬಲ್ಲ ಸಮುದಾಯದವರಾದ ನಾವು, ನಮ್ಮದೇ ಓಣಿಯಲ್ಲಿ, ಅಂಗಡಿಯಲ್ಲಿ, ಮನೆಗೆಲಸದವರ ವಿಷಯದಲ್ಲಿ ಎಷ್ಟು ಬೇಗ ಬೆರಳು ತೋರುತ್ತೇವೆ! ಇನ್ನೊಬ್ಬರು ತೋರಿದಾಗ ಎಷ್ಟು ಆರಾಮವಾಗಿ ಸುಮ್ಮನಿರುತ್ತೇವೆ! ಹೀಗೆ ಸುಮ್ಮನಿರುವುದೂ ಕಳವೇ. ಅದಕ್ಕೆ ಅವಧಿ ಮುಗಿಯುವುದಿಲ್ಲ.

ಎಲ್ಲರೆದುರು ಹೋದ ಮಾನವನ್ನು ಎಲ್ಲರೆದುರೇ ಮರಳಿಸಬೇಕು. ಆದ್ದರಿಂದ ಇದನ್ನು ಬರೆದಿದ್ದೇನೆ. ಮೊಮ್ಮಗಳಿಗೂ ಹೇಳಿದ್ದೇನೆ. ಗೆಳೆಯಾ, ನೀನೆಲ್ಲಿದ್ದರೂ ಇದು ನಿನಗೆ ತಲುಪಲಿ: ಆ ಚೀಟಿಯನ್ನು ಕದ್ದವನು ನೀನಲ್ಲ, ನಾನು.